ಹಂದಿ ಸಾಕಣೆಯ ಕೆಲಸಗಾರರಿಗೆ ಮೂಗಿನ ಪರೀಕ್ಷೆ ಏಕೆ?

ನೆದರ್ಲೆಂಡ್ಸ್‌ನ ಹಂದಿ ಸಾಕಣೆ ಕೇಂದ್ರದಲ್ಲಿ ದುಡಿಯುವ ನಿಮ್ಮ ತಮ್ಮನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮೊದಲು ಮೂಗಿನ ಪರೀಕ್ಷೆ ಮಾಡಿ, ಬೇರೆ ಕೋಣೆಯಲ್ಲಿ ಇರಿಸಿದ್ದು ಪರದೇಶಿ ಎಂಬ ತಾತ್ಸಾರದಿಂದಲೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ, ಅಲ್ಲಿ ಹಂದಿ ಸಾಕುವ ಡಚ್ ರೈತರಿಗೂ ಇದೇ ನಿಯಮವಿದೆ.

ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್, ಅಂದರೆ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ಸಿಸಿ398 ಎಂಬ ತಳಿಯು ಹಂದಿಗಳಲ್ಲಿ ಸಾಮಾನ್ಯವಾಗಿ ಯಾವ ರೋಗಲಕ್ಷಣವನ್ನೂ ತೋರದೆ ನೆಲೆಸಿದ್ದು, ಹಂದಿಗಳನ್ನು ಮುಟ್ಟುವುದರಿಂದಲೂ ಕೊಟ್ಟಿಗೆಯಲ್ಲಿ ಏಳುವ ಧೂಳಿನ ಮೂಲಕವೂ ಕೆಲಸಗಾರರ ಮೂಗನ್ನು ಸೇರುತ್ತದೆ. ಹಂದಿಗಳಿಗೆ ಟೆಟ್ರಾಸೈಕ್ಲಿನ್ ಧಾರಾಳವಾಗಿ ಕೊಡುತ್ತಿದ್ದುದರಿಂದ, ಆ ಔಷಧಿಯನ್ನೂ ತಡೆದುಕೊಳ್ಳುವ ಈ ತಳಿಗೆ ಹರಡಲು ಅನುಕೂಲವಾಯಿತು. 2000ದ ದಶಕದ ಮಧ್ಯಭಾಗದಲ್ಲಿ ಇದು ಪತ್ತೆಯಾದ ಬಳಿಕ ಅಲ್ಲಿನ ಆಸ್ಪತ್ರೆಗಳು ಹಂದಿಗಳ ಒಡನಾಟವಿರುವವರನ್ನು ದಾಖಲಿಸಿಕೊಳ್ಳುವಾಗಲೇ ಪರೀಕ್ಷಿಸತೊಡಗಿದವು. ಜಾನುವಾರುಗಳಿಗೆ ಮಾರಾಟವಾಗುವ ಆ್ಯಂಟಿಬಯಾಟಿಕ್ ಪ್ರಮಾಣವೂ 2009ರ ನಂತರ ಅರ್ಧಕ್ಕಿಂತ ಕೆಳಗಿಳಿದಿದೆ.

ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ನಿಮ್ಮ ತಮ್ಮ ರೋಗಿಯಲ್ಲ. ಆದರೆ ಅದು ಶಸ್ತ್ರಚಿಕಿತ್ಸೆಯ ಗಾಯಕ್ಕೆ ತಗುಲಿದರೆ ಸಾಮಾನ್ಯ ಔಷಧಿಗಳು ನಾಟುವುದಿಲ್ಲ, ಪಕ್ಕದ ಹಾಸಿಗೆಯ ದುರ್ಬಲ ರೋಗಿಗೂ ದಾಟಬಹುದು. ಕೊಟ್ಟಿಗೆಯಿಂದ ಕೆಲವು ದಿನ ದೂರವಿದ್ದರೆ ಹಲವರಲ್ಲಿ ಅದು ತಾನಾಗಿಯೇ ಕಡಿಮೆಯಾಗುತ್ತದೆ; ಆದ್ದರಿಂದ ಊರಿನಿಂದ ಮಾತ್ರೆ ಕಳುಹಿಸುವ ಯೋಚನೆಯನ್ನು ದಯವಿಟ್ಟು ಬಿಡಿ.