ಕಾರಿಲ್ಲದೆ ಕೋಂಕ್‌ನಲ್ಲಿ ಮೂರು ದಿನ: ಅರ್ಧ ದರದ ರೂಮ್ ಹಿಡಿಯಲಾ, ರೋಡೆಸ್‌ನಲ್ಲೇ ಉಳಿಯಲಾ?

ಫ್ರಾನ್ಸಿನ ಪುಟ್ಟ ಊರು ಕೋಂಕ್ ನೋಡೋಕೆ ‘ಕೋಂಕ್-ಆಂ-ರುವೆರ್ಗ್’ ವಿಳಾಸದ ಅರ್ಧ ದರದ ರೂಮ್ ಹಿಡಿಯಲಾ, ಇಲ್ಲ ಹತ್ತಿರದ ಪಟ್ಟಣ ರೋಡೆಸ್‌ನಲ್ಲಿ ಉಳಿಯಲಾ ಅಂತ ಕೇಳಿದ್ದೀರಿ. ಇನ್ನೂ ದುಡ್ಡು ಕಟ್ಟಿಲ್ಲ ತಾನೇ? ನಾನು ಕಟ್ಟಿಬಿಟ್ಟಿದ್ದೆ. ನನ್ನ ರೂಮಿನ ವಿಳಾಸದಲ್ಲೂ ‘12320 ಕೋಂಕ್-ಆಂ-ರುವೆರ್ಗ್’ ಅಂತಲೇ ಇತ್ತು, ದರವೂ ಅಗ್ಗ. ಹೋಗಿ ಇಳಿದದ್ದು ಗ್ರಾಂ-ವಾಬ್ರ್ ಅನ್ನೋ ಬೇರೆ ಹಳ್ಳಿಯಲ್ಲಿ. ಅಲ್ಲಿಂದ ಕೋಂಕ್‌ನ ಹಳೇ ಮಠದ ಚರ್ಚಿಗೆ ದೂರ್ದೂ ಹೊಳೆಯ ಕಣಿವೆಯಲ್ಲಿ ಸುಮಾರು ಆರು ಕಿಲೋಮೀಟರು.

ಯಾಮಾರಿದ್ದು ಹೀಗೆ. 2016ರ ಜನವರಿ 1ರಂದು ಕೋಂಕ್, ಗ್ರಾಂ-ವಾಬ್ರ್, ನೋವಾಯಾಕ್, ಸ್ಯಾಂ-ಸಿಪ್ರಿಯಾಂ ಎಂಬ ನಾಲ್ಕು ಕಮ್ಯೂನ್‌ಗಳು ಕೂಡಿ ಒಂದಾದವು. ಕಮ್ಯೂನ್ ಅಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಅಂದುಕೊಳ್ಳಿ. ಹೊಸದಕ್ಕೆ ಹೆಸರಾಂತ ಊರಿನ ಹೆಸರೇ ಸಿಕ್ಕಿತು. ಅಂಚೆ ಕೋಡ್ ನಾಲ್ಕಕ್ಕೂ ಒಂದೇ, ಹಾಗಾಗಿ ಅದರಿಂದಲೂ ಏನೂ ತಿಳಿಯಲ್ಲ. ಹಳೇ ಹಳ್ಳಿಯ ಹೆಸರು ಬರೋದು ಕೊನೆಯ ಸಾಲಿಗಿಂತ ಒಂದು ಸಾಲು ಮೇಲೆ. ಬುಕಿಂಗ್ ಪುಟದಲ್ಲಿ ಆ ಸಾಲೇ ಇರಲಿಲ್ಲ. ಕೋಂಕ್ ಎಷ್ಟು ದೂರ ಅಂತ ರೂಮಿನ ಮಾಲೀಕರನ್ನು ಕೇಳಿದ್ದೆ, ‘ಹತ್ತು ನಿಮಿಷ’ ಅಂದರು. ಸುಳ್ಳಲ್ಲ, ಕಾರಿನಲ್ಲಿ ಹತ್ತು ನಿಮಿಷ. ನೀವು ‘ಆ ಪ್ಯೇ’, ಅಂದರೆ ಕಾಲ್ನಡಿಗೆಯಲ್ಲಿ ಎಷ್ಟು ಹೊತ್ತು ಅಂತ ಕೇಳಿ. ವಿಳಾಸದಲ್ಲಿ ‘ಲಿಯು-ದಿ’ ಅಂತಿದ್ದರೆ ಊರಾಚೆಯ ನಾಲ್ಕಾರು ಮನೆ ಅಂದುಕೊಂಡೇ ಮುಂದುವರಿಯಿರಿ.

ಬಸ್ಸನ್ನು ನಂಬೋ ಮುಂಚೆ ವೇಳಾಪಟ್ಟಿಯ ಅಡಿಟಿಪ್ಪಣಿ ಓದಿ. ‘ಪೆರಿಯೋದ್ ಸ್ಕೋಲೇರ್’ ಅಂದರೆ ಶಾಲೆ ಇರೋ ದಿನ ಮಾತ್ರ, ಬೇಸಿಗೆ ರಜೆಯಲ್ಲಿ ಇಲ್ಲ. ‘ಸ್ಯೂರ್ ರೆಸೆರ್ವಾಸಿಯೋಂ’ ಅಂದರೆ ಮೊದಲೇ ಫೋನ್ ಮಾಡಿ ಕಾಯ್ದಿರಿಸದಿದ್ದರೆ ಗಾಡಿ ಬರೋದೇ ಇಲ್ಲ. ಟ್ಯಾಕ್ಸಿಗೂ ಹಿಂದಿನ ದಿನವೇ ಹೇಳಿಡಿ.

ರೋಡೆಸ್‌ನಲ್ಲಿ ಉಳಿದು ಹಗಲು ಬಂದುಹೋಗೋ ಯೋಚನೆ ನನಗಂತೂ ಹಿಡಿಸಲ್ಲ. ಸುಮಾರು 40 ಕಿಲೋಮೀಟರು ಬಂದು ಜನಜಂಗುಳಿ ನೋಡಿ ಹೋದ ಹಾಗಾಗುತ್ತೆ. ಫ್ರೆಂಚ್ ಚಿತ್ರಕಾರ ಸೂಲಾಜ್ ಆ ಚರ್ಚಿಗೆ 1994ರಲ್ಲಿ ಮುಗಿಸಿದ 104 ಕಿಟಕಿಗಳ ಗಾಜಿಗೆ ಬಣ್ಣವೇ ಇಲ್ಲ. ಬೆಳಕು ಬದಲಾದಂತೆ ಅದರ ಛಾಯೆ ಬದಲಾಗುತ್ತೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಕೂರದಿದ್ದರೆ ಅದು ಬರೀ ಬಿಳಿ ಗಾಜು. ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೆ ಪಾದ್ರಿಯೊಬ್ಬರು ಚರ್ಚಿನ ಬಾಗಿಲ ಮೇಲಿನ ‘ಕೊನೆಯ ತೀರ್ಪಿನ’ (ಸತ್ತವರ ಪಾಪ-ಪುಣ್ಯಕ್ಕೆ ದೇವರು ಕೊಡೋ ತೀರ್ಪು) ಶಿಲ್ಪಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಫ್ರೆಂಚಿನಲ್ಲೇ, ಆದರೂ ನಿಂತು ಕೇಳಿ.

ಆದ್ದರಿಂದ ದರ ಹೋಲಿಸೋದನ್ನು ಬಿಡಿ. ಮೂರು ದಿನ ಬೇಡ, ಎರಡೇ ರಾತ್ರಿ ಸಾಕು, ಆದರೆ ಕೋಂಕ್ ಹಳೇ ಊರಿನೊಳಗೇ ಇರಿ. ದುಬಾರಿ ಅನಿಸಿದರೆ ಸ್ಪೇನಿನ ಪುಣ್ಯಕ್ಷೇತ್ರ ಸ್ಯಾಂತಿಯಾಗೋಗೆ ಹೋಗೋ ಪಾದಯಾತ್ರಿಕರು ತಂಗೋ ‘ಝೀತ್’ಗಳಲ್ಲಿ ಒಂದು ಮಂಚ ಸಾಕು. ‘ದೆಮಿ-ಪಾಂಸಿಯೋಂ’ ತಗೊಳ್ಳಿ, ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿರುತ್ತೆ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆಯಿರಿ, ಬಂದ ಮೇಲೆ ಹೇಳಿದರೆ ಸಲಾಡ್ ಬಿಟ್ಟು ಇನ್ನೇನೂ ಸಿಗದಿರಬಹುದು. ಆಲಿಗೋ ಕೇಳಿ ನೋಡಿ: ಬೇಯಿಸಿ ಕಿವುಚಿದ ಆಲೂಗೆಡ್ಡೆಗೆ ತಾಜಾ ಚೀಸ್, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಎಳೆ ಎಳೆಯಾಗಿ ಬರೋವರೆಗೆ ತಿರುವಿರುತ್ತಾರೆ. ಜೊತೆಗೆ ಬರೋ ಸಾಸೇಜ್ ಬೇಡ ಅಂತ ಮೊದಲೇ ಹೇಳಿ. ಆ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಯಾಗಿಸೋ ರೆನೆಟ್ ಬಳಸಿರೋದುಂಟು, ಕಟ್ಟುನಿಟ್ಟಿನವರಾದರೆ ಅದನ್ನೂ ಕೇಳಿಕೊಳ್ಳಿ.