ಮನೆಗೊಂದು ಕಂಪ್ಯೂಟರ್: ಯಾವುದಕ್ಕೆ ಮೊದಲು ದುಡ್ಡು, ಯಾವುದು ಆಮೇಲೆ?

ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಳ್ಳುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬೆಲೆಪಟ್ಟಿ ಕೊಡಿ ಅಂತಲೂ ತುಂಬಾ ಜನ ಕೇಳಿದ್ದೀರಿ. ಕೊಡುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಬೆಲೆ ನೆಲದ ಮೇಲೆ ನಿಲ್ಲುತ್ತಿಲ್ಲ, ಯಾಕಂದರೆ ಮೆಮೊರಿ ಚಿಪ್ಪುಗಳನ್ನೆಲ್ಲ ಎಐ ಡೇಟಾ ಸೆಂಟರ್‌ನವರು ಬಾಚಿಕೊಳ್ಳುತ್ತಿದ್ದಾರೆ. ಕ್ರೂಷಿಯಲ್ ಅನ್ನೋ ಹೆಸರಲ್ಲಿ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ (ಕಡತಗಳನ್ನು ಇಡುವ ವೇಗದ ಡಿಸ್ಕ್) ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ನಾನಿಲ್ಲಿ ಬರೆದ ಬೆಲೆ ನೀವು ಓದುವ ಹೊತ್ತಿಗೆ ಹಳಸಿರುತ್ತದೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ, ಬೆಲೆ ನಿಮ್ಮೂರ ಅಂಗಡಿಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಸರ್, ಮಗಳು ಪಿಯುಸಿ ಓದುತ್ತಿದ್ದಾಳೆ. ನನಗೆ ಮನೆಯಲ್ಲೇ ಟ್ಯಾಲಿ ಕೆಲಸ ಇರುತ್ತದೆ. ಎಲ್ಲಾ ಸೇರಿ 50 ಸಾವಿರದ ಒಳಗೆ ಮುಗಿಯಬೇಕು. ಆನ್‌ಲೈನ್‌ನಲ್ಲಿ ‘ಐ7, 16 ಜಿಬಿ ರ‍್ಯಾಮ್’ ಅಂತ ಪೂರ್ತಿ ಸೆಟ್ 18 ಸಾವಿರಕ್ಕೆ ಸಿಗುತ್ತಿದೆ. ನಮ್ಮೂರಿನ ಅಂಗಡಿಯವರು ಐ3 ಸೆಟ್ಟಿಗೇ ಅದರ ಎರಡರಷ್ಟು ಹೇಳುತ್ತಾರೆ. ಯಾರನ್ನು ನಂಬಲಿ? — ದಾವಣಗೆರೆಯ ಓದುಗರು

ಉತ್ತರ: ಆ ಜಾಹೀರಾತನ್ನು ಇನ್ನೊಂದು ಸಲ ಓದಿ. ಪ್ರೊಸೆಸರ್‌ನ (ಲೆಕ್ಕ ಮಾಡುವ ಮುಖ್ಯ ಚಿಪ್ಪು) ಪೂರ್ತಿ ನಂಬರ್ ಬರೆದಿದ್ದಾರಾ? ಇಷ್ಟು ಅಗ್ಗದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಐ7 ಅನ್ನೋದು ಹುದ್ದೆಯ ಹೆಸರಿದ್ದ ಹಾಗೆ, ಯಾವ ಇಸವಿಯವರು ಅಂತ ಕೇಳದೆ ಕೆಲಸಕ್ಕೆ ತಗೊಳ್ಳಬಾರದು. ಹೊಸ ಕ್ಯಾಬಿನೆಟ್ ಒಳಗೆ ಐ7-3770 ತರದ 2012ರ ಪ್ರೊಸೆಸರ್ ಕೂರಿಸಿ ಮಾರುವವರು ಬೇಕಾದಷ್ಟು ಇದ್ದಾರೆ. 2022ರಲ್ಲಿ ಬಂದ ಐ3-12100 ಅದನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಅಷ್ಟೇ ಅಲ್ಲ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನದನ್ನು, 3770 ಮೂರನೆಯದು. ನಿಮ್ಮ ಅಂಗಡಿಯವರನ್ನೇ ನಂಬಿ, ಆದರೆ ಒಂದೊಂದು ಭಾಗದ ಹೆಸರು, ನಂಬರ್, ವಾರಂಟಿ ಬರೆದ ಕೊಟೇಶನ್ ಈಸ್ಕೊಳ್ಳಿ. ಹೇಳಿದ ಬೆಲೆಯಲ್ಲಿ 18% ಜಿಎಸ್‌ಟಿ ಸೇರಿದೆಯಾ ಅಂತ ಆಗಲೇ ಕೇಳಿ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’ ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ನಾಳೆ ಮದರ್‌ಬೋರ್ಡ್ (ಎಲ್ಲಾ ಭಾಗ ಕೂರುವ ಮುಖ್ಯ ಹಲಗೆ) ಕೈಕೊಟ್ಟರೆ ವಾರಂಟಿಗೆ ಆ ಬಿಲ್ಲೇ ಬೇಕು.

ಈಗ ಲೆಕ್ಕ. ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ, ಕೊನೆಗೆ ಮಾನಿಟರ್‌ಗೆ ದುಡ್ಡು ಉಳಿಯುವುದಿಲ್ಲ. ನೀವು ಉಲ್ಟಾ ಮಾಡಿ. ಮಾನಿಟರ್, ಯುಪಿಎಸ್, ಕೀಬೋರ್ಡ್, ಮೌಸ್ ಇವಕ್ಕೆ ಮೊದಲು 12 ಸಾವಿರ ಎತ್ತಿಡಿ. ವಿಂಡೋಸ್ ಲೈಸೆನ್ಸ್‌ನ ದುಡ್ಡನ್ನೂ ಈಗಲೇ ಬೇರೆ ಇಡಿ, ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಐನೂರಕ್ಕೆ ಸಿಗುವ ‘ಕೀ’ಗಳನ್ನು ಲೆಕ್ಕಪತ್ರದ ಕೆಲಸ ಮಾಡುವವರು ನೆಚ್ಚಿಕೊಳ್ಳುವುದು ಬೇಡ.

ಉಳಿದ ದುಡ್ಡಿಗೆ ನಾನು ಹೇಳುವುದು ಒಂದೇ: ಆಮೇಲೆ ಬದಲಾಯಿಸಲು ಕಷ್ಟವಾಗುವ ಭಾಗಕ್ಕೆ ಇವತ್ತೇ ಒಳ್ಳೆಯ ದುಡ್ಡು ಹಾಕಿ, ಸುಲಭವಾಗಿ ಸೇರಿಸಬಹುದಾದದ್ದನ್ನು ಮುಂದಕ್ಕೆ ತಳ್ಳಿ. ಮದರ್‌ಬೋರ್ಡ್ ಬದಲಾಯಿಸಬೇಕೆಂದರೆ ಇಡೀ ಡಬ್ಬ ಬಿಚ್ಚಬೇಕು, ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಬೇರೆಯಾದರೆ ಪ್ರೊಸೆಸರ್ರೂ ಹೋಯಿತು, ಹಳೆ ತಲೆಮಾರಿನ ಡಿಡಿಆರ್4 ಮೆಮೊರಿ ಬಿಟ್ಟು ಹೊಸ ಡಿಡಿಆರ್5ಗೆ ಹೋದರೆ ರ‍್ಯಾಮೂ ಹೋಯಿತು. ಅದೇ ರ‍್ಯಾಮ್ ಸೇರಿಸುವುದು ಎರಡು ನಿಮಿಷದ ಕೆಲಸ. ಹಾಗಾಗಿ ನಿಮಗೆ ಐ3-12100, ಅದಕ್ಕೆ ಹೊಂದುವ ಎಲ್‌ಜಿಎ1700 ಸಾಕೆಟ್‌ನ ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಹೆಸರಿರುವ ಕಂಪನಿಯ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಸಾಕು. ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇರಲಿ, ಬೆಲೆ ಇಳಿದಾಗ ಇನ್ನೊಂದು 8 ಜಿಬಿ ಹಾಕಿ. ಅದೇ ಸಾಕೆಟ್ಟಿಗೆ 13, 14ನೇ ತಲೆಮಾರಿನ ಪ್ರೊಸೆಸರ್‌ಗಳೂ ಕೂರುತ್ತವೆ, ಮಗಳು ಎಂಜಿನಿಯರಿಂಗ್ ಸೇರಿದಾಗ ಸೆಕೆಂಡ್ ಹ್ಯಾಂಡ್ ಐ5 ಒಂದನ್ನು ಹಾಕಿಸಿದರೆ ಆಯಿತು. ಕೊಳ್ಳುವಾಗ ನಂಬರ್‌ನ ಕೊನೆಯಲ್ಲಿ ‘ಎಫ್’ ಇರಬಾರದು, ಅದು ಇದ್ದರೆ ಒಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ, ಮಾನಿಟರ್ ಸಿಕ್ಕಿಸಿದರೆ ಕಪ್ಪು ಪರದೆಯೇ ಗತಿ.

ಪ್ರಶ್ನೆ: ನಮ್ಮದು ಮಲೆನಾಡು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಸಿಡಿಲು ಬೇರೆ. ಈಗಿರುವ ಕಂಪ್ಯೂಟರ್‌ನ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ. ಹೊಸದು ಜೋಡಿಸುವಾಗ ಯಾವ ಯುಪಿಎಸ್ ತಗೊಳ್ಳಲಿ? ಮನೆಯಲ್ಲಿ ಇನ್ವರ್ಟರ್ ಇದೆ, ಸಾಕಾಗುತ್ತದಾ? — ತೀರ್ಥಹಳ್ಳಿಯ ಓದುಗರು

ಉತ್ತರ: ಯುಪಿಎಸ್ ಆಮೇಲೆ. ಆ ಜುಂ ಅನ್ನೋದನ್ನು ಮೊದಲು ನೋಡಿ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಅವುಗಳ ಒಂದು ತುದಿ ಕ್ಯಾಬಿನೆಟ್‌ನ ಲೋಹಕ್ಕೆ, ಅಲ್ಲಿಂದ ಅರ್ಥಿಂಗ್‌ಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ನೂರು ವೋಲ್ಟಿಗೂ ಜಾಸ್ತಿ ನಿಂತಿರುತ್ತದೆ. ಕರೆಂಟ್ ಹರಿಯುವುದು ತೀರಾ ಕಡಿಮೆ, ಅದಕ್ಕೇ ಬರೀ ಜುಂ ಅನ್ನುತ್ತದೆ. ಹಾಗಂತ ಬಿಡುವ ವಿಷಯ ಅಲ್ಲ, ಬೇರೆ ಕಡೆ ಸೋರಿಕೆ ಇದ್ದರೂ ಲಕ್ಷಣ ಇದೇ. ಹಳೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿಯಾದ ಅರ್ಥಿಂಗ್ ಮಾಡಿಸಿ, ಆ ಖರ್ಚನ್ನು ಕಂಪ್ಯೂಟರ್ ಬಜೆಟ್‌ನಲ್ಲೇ ಬರೆಯಿರಿ. ಸ್ಪೈಕ್ ಗಾರ್ಡ್ ಅಂತ ಕೊಳ್ಳುತ್ತೀರಲ್ಲ, ಅದಕ್ಕೂ ಅರ್ಥಿಂಗ್ ಇದ್ದರೇನೇ ಪೂರ್ತಿ ಕೆಲಸ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಹೆಚ್ಚೆಂದರೆ 360 ವ್ಯಾಟ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ ದಿನನಿತ್ಯದ ಕೆಲಸಕ್ಕೆ ನೂರು-ನೂರೈವತ್ತು ವ್ಯಾಟ್ ಒಳಗೇ ಇರುತ್ತವೆ, ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಅದು ಧಾರಾಳ. ಅದರ ಬ್ಯಾಟರಿ ಎರಡು-ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದೂ ಖರ್ಚೇ. ಇನ್ವರ್ಟರ್ ಸೈನ್ ವೇವ್‌ನದ್ದಾಗಿದ್ದು (ಲೈನಿನ ಕರೆಂಟಿನಂಥ ನಯವಾದ ಅಲೆ ಕೊಡುವುದು) ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಬೇರೆ ಯುಪಿಎಸ್ ಇಲ್ಲದೆಯೂ ಸಾಮಾನ್ಯವಾಗಿ ನಡೆಯುತ್ತದೆ, ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿ. ಸ್ಕ್ವೇರ್ ವೇವ್‌ನದ್ದಾದರೆ ಬೇಡ.

ಸಿಡಿಲಿಗೆ ಮಾತ್ರ ಯಾವ ಪೆಟ್ಟಿಗೆಯೂ ಪೂರ್ತಿ ಮದ್ದಲ್ಲ. ಗುಡುಗು ಶುರುವಾದಾಗ ಪ್ಲಗ್ ಕೀಳಿ, ಜೊತೆಗೆ ಇಂಟರ್ನೆಟ್‌ನ ಲ್ಯಾನ್ ವೈರನ್ನೂ ಕೀಳಿ. ಎಲ್ಲರೂ ಮರೆಯುವುದು ಇದನ್ನೇ. ಫೈಬರ್ ಸಂಪರ್ಕ ಇದ್ದರೂ ಮೋಡೆಮ್‌ನಿಂದ ಕಂಪ್ಯೂಟರ್‌ಗೆ ಬರುವುದು ತಾಮ್ರದ ತಂತಿಯೇ, ಮೋಡೆಮ್‌ನ ಪ್ಲಗ್ ಇರುವುದೂ ಅದೇ ಗೋಡೆಯಲ್ಲೇ.

ಪ್ರಶ್ನೆ: ಅಣ್ಣಾ, ನಾನು ಫಸ್ಟ್ ಪಿಯುಸಿ. ವ್ಯಾಲೊರಂಟ್ ಆಡಬೇಕು, ಆಮೇಲೆ ದೊಡ್ಡ ಗೇಮ್‌ಗಳನ್ನೂ. ಮಾನಿಟರ್ ಮನೆಯಲ್ಲಿದೆ. ಅಪ್ಪ 40 ಸಾವಿರಕ್ಕೆ ಒಪ್ಪಿದ್ದಾರೆ. ಮೊದಲು ಗ್ರಾಫಿಕ್ಸ್ ಕಾರ್ಡ್ ತಗೊಂಡು ಉಳಿದಿದ್ದರಲ್ಲಿ ಬೇರೆಲ್ಲಾ ತಗೊಳ್ಳಲಾ? — ಹಾಸನ

ಉತ್ತರ: ಬೇಡ ತಮ್ಮಾ. ಹಾಗೆ ಮಾಡಿದವರು ಕೊನೆಗೆ ಉಳಿಸುವುದು ಎಸ್‌ಎಂಪಿಎಸ್‌ನಲ್ಲಿ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್ ಇರುತ್ತದೆ, ಭಾರ ಬಿದ್ದಾಗ ಅಷ್ಟು ಕೊಡುವುದಿಲ್ಲ, ಸುಟ್ಟರೆ ತಾನೊಂದೇ ಹೋಗುತ್ತದೆ ಅನ್ನೋ ಭರವಸೆಯೂ ಇಲ್ಲ.

ವ್ಯಾಲೊರಂಟ್ ಹಗುರದ ಗೇಮ್. ರೈಜನ್ 5 5600ಜಿ ಅನ್ನೋ ಪ್ರೊಸೆಸರ್ ಒಳಗಿರುವ ಗ್ರಾಫಿಕ್ಸ್‌ನಲ್ಲೇ 1080ಪಿಯಲ್ಲಿ ಚೆನ್ನಾಗಿ ಓಡುತ್ತದೆ. ಒಂದೇ ಷರತ್ತು, ರ‍್ಯಾಮ್ 16 ಜಿಬಿಯ ಒಂದು ಕಡ್ಡಿ ಬೇಡ, 8ರ ಎರಡು ಹಾಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸುತ್ತದೆ, ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಡೇಟಾ ಬರುತ್ತದೆ. ದಾವಣಗೆರೆಯವರಿಗೆ ಒಂದೇ ಸಾಕು ಅಂದೆನಲ್ಲ, ಅವರದ್ದು ಟ್ಯಾಲಿ, ನಿನ್ನದು ಗೇಮ್. ಎಸ್‌ಎಂಪಿಎಸ್ ಮಾತ್ರ ನಾಳಿನ ಕಾರ್ಡ್ ನೋಡಿಕೊಂಡೇ ತಗೋ: 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನೋ) ಗುರುತಿನ 550 ವ್ಯಾಟ್‌ನದ್ದು. ಆರ್‌ಟಿಎಕ್ಸ್ 4060 ಥರದ ಕಾರ್ಡ್ ತಿನ್ನುವುದು 115 ವ್ಯಾಟ್ ಅಷ್ಟೇ, ಅದಕ್ಕೆ ಇದು ಸಾಕು.

ಒಂದು ಕೊಂಕು ಇದೆ, ಮುಚ್ಚಿಡುವುದಿಲ್ಲ. 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಸಣ್ಣ ಮೆಮೊರಿ) 16 ಎಂಬಿ, ಜಿ ಇಲ್ಲದ 5600ರಲ್ಲಿ 32. ಮುಂದೆ ಕಾರ್ಡ್ ಹಾಕಿದಾಗ ಎರಡನೆಯದೇ ಗೇಮ್‌ನಲ್ಲಿ ಮುಂದೆ. ಆದರೆ ಅದರಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವ ತನಕ ಕಂಪ್ಯೂಟರ್ ಸುಮ್ನೆ ಕೂತಿರುತ್ತದೆ. ನಿನ್ನ ಬಜೆಟ್‌ಗೆ ಜಿ ಇರುವುದೇ ಸರಿ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ದುಡ್ಡು ಉಳಿಸೋಣ ಅಂದುಕೊಂಡರೆ ವ್ಯಾಲೊರಂಟ್ ಅಲ್ಲಿ ಓಡುವುದಿಲ್ಲ. ಮತ್ತೆ, ಅಪ್ಪನಿಗೆ ಕಾರ್ಡ್‌ನ ವಿಷಯ ಈಗಲೇ ಹೇಳಿಬಿಡು.

ಪ್ರಶ್ನೆ: ಬಣ್ಣಬಣ್ಣದ ಆರ್‌ಜಿಬಿ ಲೈಟ್ ಹಾಕಿದರೆ ಸ್ಪೀಡ್ ಜಾಸ್ತಿಯಾಗುತ್ತದಾ? — ತುಮಕೂರು

ಉತ್ತರ: ಬಿಲ್ ಮಾತ್ರ ಜಾಸ್ತಿಯಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2014ರ ಐ5 (4ನೇ ತಲೆಮಾರು) ಕಂಪ್ಯೂಟರ್ ಇದೆ, ವಿಂಡೋಸ್ 10. ಕನ್ನಡ ಟೈಪಿಂಗ್, ಇಂಟರ್ನೆಟ್ ಅಷ್ಟೇ ನನ್ನ ಕೆಲಸ. ಹೊಸದು ಕಟ್ಟಿಸಲೇಬೇಕೇ? — ಉಡುಪಿ

ಉತ್ತರ: ಬೇಡ ಸರ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಮನೆ ಬಳಕೆಯವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದು 2026ರ ಅಕ್ಟೋಬರ್ 13ರ ತನಕ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಆದರೆ ಆ ಐ5 ನಿಮ್ಮ ಕೆಲಸಕ್ಕೆ ಇನ್ನೂ ಗಟ್ಟಿ. ಹಾರ್ಡ್ ಡಿಸ್ಕ್ ಜಾಗಕ್ಕೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ಲಿನಕ್ಸ್ ಮಿಂಟ್ ಹಾಕಿಸಿ. ಯೂನಿಕೋಡ್ ಕನ್ನಡದ ಕೀಲಿಮಣೆ ವಿನ್ಯಾಸಗಳು ಅಲ್ಲಿ ಉಚಿತವಾಗೇ ಸಿಗುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಕಡತಗಳಿದ್ದರೆ ಮಾತ್ರ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ, ಆಮೇಲೆ ಅಂಗಡಿಗೆ ಕೊಡಿ. ಹಳೆ ಹಾರ್ಡ್ ಡಿಸ್ಕನ್ನು ವಾಪಸ್ ಕೇಳಿ ಈಸ್ಕೊಳ್ಳಿ.

ಪ್ರಶ್ನೆ: ಭಾಗಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಳ್ಳಲಾ, ಆನ್‌ಲೈನಾ? ನಾನೇ ಜೋಡಿಸಬೇಕು ಅಂತ ಆಸೆ. ಮನೆಯವರು ‘ನಿನ್ನ ಕೈಲಾಗಲ್ಲ’ ಅಂತಾರೆ. — ರಾಜಾಜಿನಗರದ ಓದುಗರು

ಉತ್ತರ: ಆಗುತ್ತೆ ಮೇಡಂ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಅಗಲವಾದ ಮೇಜು, ಒಂದು ಭಾನುವಾರ ಸಾಕು. ಎಸ್‌ಪಿ ರಸ್ತೆಯಲ್ಲಿ ಎರಡು-ಮೂರು ಅಂಗಡಿಗಳಿಂದ ಲಿಖಿತ ಕೊಟೇಶನ್ ತಂದು, ಆನ್‌ಲೈನ್ ಬೆಲೆಯ ಪಕ್ಕ ಇಟ್ಟು, ಭಾಗ ಭಾಗವಾಗಿ ಹೋಲಿಸಿ. ಪ್ರೊಸೆಸರ್ ‘ಬಾಕ್ಸ್ ಪೀಸಾ, ಟ್ರೇ ಪೀಸಾ’ (ಕಂಪನಿಯ ಡಬ್ಬದಲ್ಲಿ ಬಂದದ್ದಾ, ಬಿಡಿಯಾಗಿ ಬಂದದ್ದಾ) ಅಂತ ಕೇಳಿ. ಟ್ರೇ ಪೀಸ್‌ಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ, ಕಂಪನಿಯ ಮೂರು ವರ್ಷದ ವಾರಂಟಿಯೂ ಸಿಗುವುದಿಲ್ಲ. ಬೋರ್ಡ್, ಎಸ್‌ಎಂಪಿಎಸ್ ಕೈಗೆ ಸಿಗುವ ಅಂಗಡಿಯಲ್ಲೇ ಕೊಳ್ಳುವುದು ನನಗೆ ಇಷ್ಟ, ಕೆಟ್ಟರೆ ಹೋಗಿ ನಿಲ್ಲಬಹುದು. ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಲೇ ಬಿಚ್ಚಿ.

ಜೋಡಿಸುವಾಗ ಪ್ರೊಸೆಸರ್‌ನ ಮೂಲೆಯ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಿದರೆ ಅದು ತನ್ನಷ್ಟಕ್ಕೆ ಕೂರುತ್ತದೆ, ಒತ್ತುವುದೇ ಬೇಡ. ರ‍್ಯಾಮ್ ಮಾತ್ರ ಕಟ್ ಅನ್ನುವ ತನಕ ಒತ್ತಬೇಕು, ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಎರಡನೆಯದು, ನಾಲ್ಕನೆಯದು. ಪ್ರೊಸೆಸರ್ ತಣ್ಣಗಿಡುವ ಕೂಲರ್ ಕೂರಿಸುವ ಮುಂಚೆ ಅದರ ತಳದ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ಹಾಕಿ. ಮೊದಲ ಸಲ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿ ಪರದೆ ಬರದಿದ್ದರೆ ಗಾಬರಿ ಬೇಡ. ಪ್ರೊಸೆಸರ್ ಹತ್ತಿರದ ಎಂಟು ಪಿನ್ನಿನ ವೈರ್ ಸಿಕ್ಕಿಸಿದ್ದೀರಾ ನೋಡಿ, ರ‍್ಯಾಮ್ ತೆಗೆದು ಮತ್ತೆ ಹಾಕಿ, ಕಾರ್ಡ್ ಇದ್ದರೆ ಮಾನಿಟರ್ ವೈರ್ ಕಾರ್ಡ್‌ಗೇ ಹೋಗಿದೆಯಾ ನೋಡಿ. ಇಷ್ಟರಲ್ಲಿ ಸಾಮಾನ್ಯವಾಗಿ ಪರದೆ ಬಂದುಬಿಡುತ್ತದೆ. ಬರದಿದ್ದರೆ ಸೋಮವಾರ ಬಿಲ್ ಹಿಡಿದು ಅಂಗಡಿಗೆ ಹೋಗಿ.