ಗಂಗೋತ್ರಿಗೆ ಹೋದವರು ಹಿಮನದಿಯಿಂದ ಗಂಗೆ ಹೊರಬರುವ ಗೋಮುಖದವರೆಗೆ ನಡೆಯಬೇಕಾ? ಅಲ್ಲಿ ಬರೀ ಕಲ್ಲು, ಮಂಜು ತಾನೇ?

ಖಂಡಿತ ನಡೆಯಿರಿ. ಆದರೆ ಬೆಳ್ಳಗೆ ಹೊಳೆಯುವ ಹಿಮನದಿ ಕಾಣುತ್ತದೆ ಅಂದುಕೊಂಡು ಹೋಗಬೇಡಿ. ನಾನು ಹಾಗೇ ಹೋಗಿದ್ದೆ. ಗೋಮುಖದ ಹತ್ತಿರ ನಿಂತು 'ಹಿಮನದಿ ಎಲ್ಲಿ?' ಎಂದು ಗೈಡ್‌ನ್ನು ಕೇಳಿದೆ. ಅವರು ಎದುರಿಗಿದ್ದ ಬೂದು ಬಣ್ಣದ ಕಲ್ಲುರಾಶಿಯನ್ನೇ ತೋರಿಸಿದರು.

ಭಾಗೀರಥಿ, ಶಿವಲಿಂಗ (6543 ಮೀಟರ್), ಮೇರು, ಎಲ್ಲವೂ ಕಡಿದಾದ ಶಿಖರಗಳು. ಅವುಗಳಿಂದ ಹಿಮನದಿಯ ಮೇಲೆ ಕಲ್ಲು ಉರುಳುತ್ತಲೇ ಇರುತ್ತದೆ. ಮೇಲಿನ ಮಂಜು ಕರಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ದಪ್ಪಗೆ ಕೂತ ಕಲ್ಲು ಕೆಳಗಿನ ಮಂಜುಗಡ್ಡೆಗೆ ಬಿಸಿಲು ತಾಗದಂತೆ ಕಾಯುತ್ತದೆ. ಬರೀ ದೂಳಾದರೆ ಬಿಸಿಲು ಹೀರಿ ಬೇಗ ಕರಗಿಸುತ್ತದೆ. ಚೌಖಂಬಾ ಶಿಖರದ ಬುಡದಿಂದ ಸುಮಾರು 30 ಕಿ.ಮೀ. ಹೀಗೆ ಹರಿದು ಬರುವಾಗ ಹಿಮನದಿ ತಳದ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತದೆ. ಗೋಮುಖದಿಂದ ಹೊರಡುವ ನದಿಯ ನೀರಿಗೆ ಮಬ್ಬು ಬಣ್ಣ ಬರುವುದು ಈ ಕಲ್ಲಿನ ಹಿಟ್ಟಿನಿಂದ. ಇದು ತಿಳಿದ ಮೇಲೆ ಆ ಕಲ್ಲುರಾಶಿಯಿಂದ ಕಣ್ಣು ಕೀಳಲು ಆಗಲಿಲ್ಲ ನನಗೆ. ಭೂವಿಜ್ಞಾನಿ ಜೆ. ಬಿ. ಆಡೆನ್ 1935ರಲ್ಲಿ ನಕ್ಷೆಯಲ್ಲಿ ಗುರುತಿಸಿದ ಜಾಗಕ್ಕಿಂತ ಹಿಮನದಿಯ ಮೂತಿ, ಅಂದರೆ ಕೆಳತುದಿ, ಈಗ ಒಂದು ಕಿ.ಮೀ.ಗೂ ಜಾಸ್ತಿ ಹಿಂದೆ ಸರಿದಿದೆ. ಅದನ್ನು ನೆನೆದರೆ ಸಂಕಟವಾಗುತ್ತದೆ.

ದಾರಿಯಲ್ಲಿ ಮರಗಳನ್ನು ನೋಡುತ್ತಾ ಹೋಗಿ. ಗಂಗೋತ್ರಿಯಲ್ಲಿ ದೇವದಾರು, ಚೀಡ್‌ಬಾಸಾದಲ್ಲಿ ಪೈನ್, ಭೋಜ್‌ಬಾಸಾದಲ್ಲಿ ಭೂರ್ಜ. ಕೊನೆಯ ಎರಡು ಜಾಗಗಳ ಹೆಸರಲ್ಲೇ ಮರದ ಹೆಸರಿದೆ: ಚೀಡ್ ಅಂದರೆ ಪೈನ್, ಭೋಜ್ ಅಂದರೆ ಭೂರ್ಜ. ಹಿಂದೆ ನಮ್ಮ ಕಡೆ ತಾಳೆಗರಿ ಇದ್ದಂತೆ ಆ ಕಡೆಯವರಿಗೆ ಬರೆಯಲು ಭೂರ್ಜದ ತೊಗಟೆ. ಪದರ ಪದರವಾಗಿ, ಕಾಗದದಷ್ಟು ತೆಳ್ಳಗೆ ಏಳುತ್ತದೆ. ಭೋಜ್‌ಬಾಸಾದಲ್ಲಿ ಮಾತ್ರ ಆ ಮರಗಳೇ ಅಪರೂಪ. ಸೌದೆಗೆಂದು ಕಡಿದುಬಿಟ್ಟರು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ 1990ರ ದಶಕದಲ್ಲಿ ಅಲ್ಲಿ ಮತ್ತೆ ಸಸಿ ನೆಡಿಸಿದರು. ಆ ಚಳಿಯಲ್ಲಿ ಒಂದು ಗಿಡ ಬದುಕುವುದೆಂದರೆ ಸುಮ್ನೆ ಮಾತಲ್ಲ. ದಯವಿಟ್ಟು ನೆನಪಿಗೆಂದು ತೊಗಟೆ ಕೀಳಬೇಡಿ.

ಬಂಡೆಗಳ ಮೇಲೆ ಭರಲ್ ಎಂಬ ಕಾಡುಕುರಿಗಳು ಕಾಣಬಹುದು. ಕಲ್ಲಿನದೇ ಬಣ್ಣ, ಅಲ್ಲಾಡಿದರೆ ಮಾತ್ರ ಗೊತ್ತಾಗುತ್ತದೆ.

ಅರಣ್ಯ ಇಲಾಖೆಯ ಪರ್ಮಿಟ್ ಮೊದಲೇ ಮಾಡಿಸಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಹೋಗಿ ಬರಲು ಸುಮಾರು 36 ಕಿ.ಮೀ. ಭೋಜ್‌ಬಾಸಾದಲ್ಲಿ ಒಂದು ರಾತ್ರಿ ಉಳಿಯಿರಿ. ದಾರಿಯ ತೊರೆಗಳನ್ನು ಬೆಳಗ್ಗೆಯೇ ದಾಟಿ, ಬಿಸಿಲೇರಿದಂತೆ ಮಂಜು ಕರಗಿ ನೀರು ಏರುತ್ತದೆ. ಎತ್ತರಕ್ಕೆ ತಲೆನೋವು, ವಾಂತಿ ಶುರುವಾದರೆ ಹಟ ಬೇಡ, ಕೆಳಗಿಳಿಯಿರಿ. ನನ್ನ ಅಕ್ಕ ಗೋಮುಖ ನೋಡದೇ ಭೋಜ್‌ಬಾಸಾದಿಂದ ವಾಪಸ್ ಬಂದಳು. ಗಂಗೋತ್ರಿ ತಲುಪಿದ ಮೇಲೆ ತಾನೇ ಊಟ ಕೇಳಿದಳು.